ಎಸ್ತೇರಮ್ಮನವರಿಗೆ ನಾನು ಹೇಳಿದ ‘ಗಂಟು’

2022ರಲ್ಲಿ ನಾನು ಬೀದರ್ ನಗರದ ನೌಬಾದ ಕಡೆಯ ಒಂದು ಖಾಸಗಿ ಸ್ಕ್ಯಾನ್ ಸೆಂಟರಿನಲ್ಲಿ ರೇಡಿಯಾಲಜಿಸ್ಟ್ ಆಗಿದ್ದೆ. ಸರ್ಕಾರಿ ಸೇವೆಯಿಂದ ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಕೂತು ಎಲ್ಲದರಲ್ಲೂ ತಪ್ಪು ಹುಡುಕುತ್ತೇನೆ ಎಂದು ಹೆಂಡತಿಯೇ ನನ್ನನ್ನು ಮತ್ತೆ ಕೆಲಸಕ್ಕೆ ಅಟ್ಟಿದ್ದಳು. ರೇಡಿಯಾಲಜಿಸ್ಟ್ ಎಂದರೆ ಎಕ್ಸ್-ರೇ, ಸಿಟಿ, ಎಂಆರ್‌ಐ ಚಿತ್ರಗಳನ್ನು ನೋಡಿ ಅವುಗಳಲ್ಲಿ ಏನಿದೆ, ಏನಿಲ್ಲ ಎಂದು ಬರೆದುಕೊಡುವ ವೈದ್ಯ. ರೋಗಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ, ನಾವು ಒಳಗೆ ಮಬ್ಬುಗತ್ತಲೆಯಲ್ಲಿ ಅವನ ಎಲುಬು ನೋಡುತ್ತಿರುತ್ತೇವೆ. ಸಾವಿರಾರು ಬೆನ್ನೆಲುಬು ನೋಡಿದ್ದೇನೆ. ಆ ಬೆನ್ನುಗಳ ಒಡೆಯರ ಮುಖಗಳಲ್ಲಿ ನೆನಪಿರುವುದು ಹತ್ತೋ ಹನ್ನೆರಡೋ. ಎಸ್ತೇರಮ್ಮನವರದು ಅವುಗಳಲ್ಲಿ ಒಂದು. ಹೆಸರು ಬದಲಿಸಿದ್ದೇನೆ. ಬರೆಯಲೇ ಎಂದು ಕೇಳಿದಾಗ, ಬರೆಯಿರಿ, ಆದರೆ ನಿಮ್ಮ ತಪ್ಪನ್ನೂ ಬಿಡದೆ ಬರೆಯಿರಿ ಎಂದು ಅವರೇ ಹೇಳಿದ್ದಾರೆ.

ನಾನು ಹುಟ್ಟಿದ್ದು ಚಿತ್ರದುರ್ಗದ ಕಡೆ. ಮೊದಲ ಪೋಸ್ಟಿಂಗ್ ಬೀದರಿಗೆ ಬಂದಾಗ ಇಲ್ಲಿಯ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ರೋಗಿಯೊಬ್ಬ ‘ಬ್ಯಾನಿ’ ಅಂದರೆ ಬೇನೆಯೋ ಬೇಸರವೋ ಎಂದು ಕಣ್ಣು ಪಿಳಿಪಿಳಿ ಬಿಟ್ಟಿದ್ದೆ. ಆಮೇಲೆ ಹಟ ಹಿಡಿದು ಕಲಿತೆ. ಬಾಯಿ ತುಂಬ ‘ರಿ’ ಹಚ್ಚುವುದು ಬಂತು, ಅದ, ಇದ ಬಂದವು, ಒಂದಿಷ್ಟು ದಖನಿ ಉರ್ದುವೂ ನಾಲಿಗೆಗೆ ಹತ್ತಿತು. ನಮ್ಮ ಸೆಂಟರಿನ ಟೆಕ್ನಿಷಿಯನ್ ಖಲೀಲ್ ಹಳೆ ಬೀದರಿನವನು. ಅವನು ಹೊಸಬರಿಗೆಲ್ಲ, ಸಾಹೇಬರು ನಮಗಿಂತ ಚಲೋ ಬೀದರ್ ಮಾತಾಡುತ್ತಾರೆ ಎಂದು ಪರಿಚಯ ಮಾಡಿಕೊಡುತ್ತಿದ್ದ. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಈ ಜಂಬದ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಅನಾಹುತದಲ್ಲಿ ಅದರ ಪಾಲಿದೆ.

ಎಸ್ತೇರಮ್ಮ ಭಾಲ್ಕಿಯವರು. ಐವತ್ತೆಂಟು ವರ್ಷ. ಮೆಥಡಿಸ್ಟ್ ಚರ್ಚಿಗೆ ಸೇರಿದ ಕುಟುಂಬ. ಮೂವತ್ತು ವರ್ಷ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಆಯಾ ಆಗಿ ದುಡಿದವರು. ಆಯಾ ಎಂದರೆ ರೋಗಿಯನ್ನು ಎತ್ತುವುದು, ಮಗ್ಗುಲಾಗಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು. ನಾಲ್ಕು ವರ್ಷದ ಹಿಂದೆ ಅವರ ಎಡ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿ ಶಸ್ತ್ರಚಿಕಿತ್ಸೆಯಾಗಿತ್ತು. ಆಮೇಲೆ ಅದು ಮರಳದಿರಲಿ ಎಂದು ದಿನಕ್ಕೊಂದು ಹಾರ್ಮೋನ್ ಮಾತ್ರೆ. ಮನೆಯಲ್ಲಿ ಅವರು ಮತ್ತು ಒಂಬತ್ತು ವರ್ಷದ ಮೊಮ್ಮಗಳು ಶೀಬಾ, ಇಬ್ಬರೇ. ಮಗಳು ಎರಡನೇ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಕೊಂಡಾಗ ಶೀಬಾಳಿಗೆ ಮೂರು ವರ್ಷ. ಅಳಿಯ ಪ್ರಭಾಕರ ಔರಾದಿನಲ್ಲಿ ಸರಕಿನ ಟೆಂಪೊ ಓಡಿಸುತ್ತಿದ್ದ. ಅವನು ಮತ್ತೆ ಮದುವೆಯಾದಾಗ ಮಗುವನ್ನು ಕಳಿಸಿಕೊಡಿ ಎಂದು ಎರಡು ಸಲ ಕೇಳಿದ್ದನಂತೆ. ನನ್ನ ಜೀವ ಇರೋ ತನಕ ಕೊಡುವುದಿಲ್ಲ ಎಂದು ಎಸ್ತೇರಮ್ಮ ಅವನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ತಿಂಗಳು ಕಳೆದ ಮೇಲೆ. ಆ ದಿನ ನನಗೆ ಗೊತ್ತಿದ್ದದ್ದು ಅವರ ವಯಸ್ಸು, ಹಳೆಯ ಕ್ಯಾನ್ಸರ್ ಮತ್ತು ಬೆನ್ನುನೋವು, ಇಷ್ಟೇ.

ಬೆನ್ನುನೋವು ಶುರುವಾಗಿ ಮೂರು ತಿಂಗಳಾಗಿತ್ತು. ಬಲ ಭುಜವೂ ಹಿಡಿದುಕೊಂಡಿತ್ತು. ಭಾಲ್ಕಿಯಲ್ಲಿ ಅವರನ್ನು ನೋಡುತ್ತಿದ್ದ ಸರ್ಜನ್ ಎಚ್ಚರದ ಮನುಷ್ಯ. ಹಳೆಯ ಕ್ಯಾನ್ಸರ್ ಇರುವವರ ಬೆನ್ನುನೋವನ್ನು ಹಗುರವಾಗಿ ನೋಡಬಾರದು ಎಂದು ಹೈದರಾಬಾದಿಗೆ ಬೋನ್ ಸ್ಕ್ಯಾನಿಗೆ ಕಳಿಸಿದರು. ಬೋನ್ ಸ್ಕ್ಯಾನ್ ಎಂದರೆ ರಕ್ತನಾಳಕ್ಕೆ ಅತಿ ಸ್ವಲ್ಪ ವಿಕಿರಣಶೀಲ ಔಷಧ ಕೊಟ್ಟು, ಎರಡು ಮೂರು ಗಂಟೆ ಬಿಟ್ಟು, ಇಡೀ ಅಸ್ಥಿಪಂಜರದ ಚಿತ್ರ ತೆಗೆಯುವುದು. ಎಲುಬು ಎಲ್ಲೆಲ್ಲಿ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿದೆಯೋ ಅಲ್ಲೆಲ್ಲ ಔಷಧ ಹೆಚ್ಚು ಸೇರಿ ಕಪ್ಪು ಚುಕ್ಕೆ ಕಾಣುತ್ತದೆ. ಕ್ಯಾನ್ಸರ್ ಎಲುಬಿಗೆ ಹೊಕ್ಕಾಗ ರಿಪೇರಿ ನಡೆಯುತ್ತದೆ. ಬಿದ್ದು ಮುರಿದಾಗಲೂ ನಡೆಯುತ್ತದೆ, ಕೀಲು ಸವೆದಾಗಲೂ ನಡೆಯುತ್ತದೆ. ಅಲ್ಲಿ ಕೆಲಸ ನಡೆಯುತ್ತಿದೆ ಎಂದಷ್ಟೇ ಚುಕ್ಕೆ ಹೇಳುತ್ತದೆ, ಕೆಡವಿದವರು ಯಾರು ಎಂದು ಹೇಳುವುದಿಲ್ಲ. ಎಸ್ತೇರಮ್ಮನವರ ಬೆನ್ನಿನ ಕೆಳಭಾಗದಲ್ಲಿ ಮೂರು ಚುಕ್ಕೆಗಳಿದ್ದವು, ಬಲ ಭುಜದಲ್ಲಿ ಒಂದು. ಕ್ಯಾನ್ಸರ್ ಹರಡಿರುವ ಸಂಶಯವಿದೆ, ಎಂಆರ್‌ಐ ಮಾಡಿಸಿ ಎಂದು ಆ ವರದಿ ಹೇಳಿತ್ತು. ಹಾಗೆ ಅವರು ಒಂದು ಬೆಳಿಗ್ಗೆ ಬಸ್ಸಿನಲ್ಲಿ ಬೀದರಿಗೆ, ನಮ್ಮ ಸೆಂಟರಿಗೆ, ಒಬ್ಬರೇ ಬಂದರು.

ಖಲೀಲ್ ಎಂಆರ್‌ಐ ಮುಗಿಸಿ ಚಿತ್ರಗಳನ್ನು ನನ್ನ ಪರದೆಗೆ ಕಳಿಸಿದ. ಮೊದಲ ನೋಟಕ್ಕೆ ಅದು ಕ್ಯಾನ್ಸರೇ ಎನಿಸಿತು. ವಯಸ್ಸಾದವರ ಬೆನ್ನೆಲುಬಿನ ಮಜ್ಜೆಯಲ್ಲಿ ಕೊಬ್ಬು ತುಂಬಿರುತ್ತದೆ. ಎಂಆರ್‌ಐನ ಒಂದು ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಬಂದರೆ ಕೊಬ್ಬನ್ನು ಹೊರದಬ್ಬಿ ತಾನು ಕೂರುತ್ತದೆ, ಆ ಜಾಗ ಕಪ್ಪಾಗುತ್ತದೆ. ಎಸ್ತೇರಮ್ಮನವರ ಸೊಂಟದ ನಾಲ್ಕನೇ ಮತ್ತು ಐದನೇ ಕಶೇರುಗಳಲ್ಲಿ, ಎಂದರೆ ಬೆನ್ನುಹುರಿಯನ್ನು ಕಾಯುವ ಮಣಿಯಂಥ ಎಲುಬುಗಳಲ್ಲಿ, ಸಾಕಷ್ಟು ಕಪ್ಪಿತ್ತು.

ಆದರೆ ಕಪ್ಪು ಎಲ್ಲಿದೆ ಎನ್ನುವುದು ಮುಖ್ಯ. ಕ್ಯಾನ್ಸರ್‌ಗೆ ಕೀಲಿನ ಮೇಲೆ ವಿಶೇಷ ಪ್ರೀತಿಯಿಲ್ಲ. ಅದು ಎಲುಬಿನ ನಡುವೆಯೋ, ಹಿಂಬದಿಯ ಕಂಬದಂಥ ಭಾಗದಲ್ಲೋ ಸೇರುತ್ತದೆ, ಪಕ್ಕದ ಎಲುಬನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಸವೆತ ಹಾಗಲ್ಲ. ಅದು ಎರಡು ಎಲುಬುಗಳು ಎದುರುಬದುರಾಗುವಲ್ಲೇ ಆಗುತ್ತದೆ, ನಡುವಿನ ಡಿಸ್ಕಿನ ಆಚೆಗೂ ಈಚೆಗೂ. ಇವರ ಕಪ್ಪು ಡಿಸ್ಕಿನ ಎರಡೂ ಮಗ್ಗುಲಿಗೆ ಪಟ್ಟಿಯ ಹಾಗೆ ಹರಡಿತ್ತು. ಕಂಬಗಳು ಗಟ್ಟಿಯಾಗಿದ್ದವು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಇನ್ನೊಂದು ಜೋಡಿ ಚಿತ್ರ ತೆಗೆಯಲು ಖಲೀಲನಿಗೆ ಹೇಳಿದೆ. ಕಪ್ಪು ಕಂಡ ಜಾಗದಲ್ಲಿ ಸ್ವಲ್ಪವಾದರೂ ಕೊಬ್ಬು ಉಳಿದಿದ್ದರೆ ಆ ಜೋಡಿಯ ಎರಡನೇ ಚಿತ್ರದಲ್ಲಿ ಅಲ್ಲಿಯ ಬೆಳಕು ತಟ್ಟನೆ ಇಳಿಯುತ್ತದೆ. ಕ್ಯಾನ್ಸರ್ ಕೊಬ್ಬನ್ನು ಪೂರ್ತಿ ತಿಂದಿದ್ದರೆ ಇಳಿಯುವುದಿಲ್ಲ. ಇಲ್ಲಿ ಇಳಿಯಿತು. ಆದರೂ ಬಿಡದೆ ಅಷ್ಟೇ ಭಾಗಕ್ಕೆ ಸಿಟಿ ಮಾಡಿಸಿದೆ. ಬಲಬದಿಯ ಚಿಕ್ಕ ಕೀಲುಗಳು ಸವೆದು ಒರಟಾಗಿದ್ದವು, ಅಂಚಿನಲ್ಲಿ ಎಲುಬಿನ ಮುಳ್ಳು ಬೆಳೆದಿತ್ತು, ಡಿಸ್ಕಿನೊಳಗೆ ಗಾಳಿ ಸೇರಿತ್ತು. ಗಾಳಿ ಸೇರುವುದು ಸವೆತದ ಗುರುತು. ಭುಜದ ಎಕ್ಸ್-ರೇಯಲ್ಲೂ ಅದೇ ಕಥೆ.

ಒಂದೂವರೆ ತಾಸು ಆ ಒಂದು ಬೆನ್ನಿನ ಮುಂದೆ ಕೂತಿದ್ದೆ. ಕ್ಯಾನ್ಸರ್ ಇಲ್ಲ. ಮೂವತ್ತು ವರ್ಷ ಬಲಗೈ ಮುಂದೆ ಮಾಡಿ ರೋಗಿಗಳನ್ನು ಎತ್ತಿದ ಹೆಂಗಸಿನ ಆರ್ಥ್ರೈಟಿಸ್ ಅಷ್ಟೇ. ಹಾರ್ಮೋನ್ ಮಾತ್ರೆಯೂ ಕೀಲುನೋವನ್ನು ಹೆಚ್ಚಿಸುತ್ತದೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮ ವೃತ್ತಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಿದ್ದ ರೋಗಿಗೆ ನಾನೇ ಸುದ್ದಿ ಹೇಳಿದೆ.

ನನ್ನ ತಾಯಿಗೆ ಕೊನೆಗಾಲದಲ್ಲಿ ಮಂಡಿ, ಬೆರಳು ಎಲ್ಲ ಹಿಡಿದುಕೊಂಡಿದ್ದವು. ಅವರು ಅದಕ್ಕೆ ‘ಗಂಟುನೋವು’ ಎನ್ನುತ್ತಿದ್ದರು. ಬೀದರಿನವರು ಕೀಲು ಹಿಡಿದರೆ ‘ಸಂದು ಹಿಡದದ’ ಎನ್ನುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಖುಷಿಯಲ್ಲಿ ತಾಯಿಯ ಮಾತು ಮೊದಲು ಬಾಯಿಗೆ ಬಂತು. ಅದಕ್ಕೇ ಬೀದರಿನ ಬಾಲ ಹಚ್ಚಿದೆ.

“ಏನೂ ಚಿಂತಿ ಮಾಡಬ್ಯಾಡ್ರಿ. ಗಂಟಿಂದು ಬ್ಯಾನಿ ಅದ, ಅಷ್ಟೇ” ಎಂದೆ.

ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. “ಅಂದ್ರ ಗಂಟ ಬೆನ್ನಿಗೂ ಬಂದಾವೇನ್ರಿ ಸಾಹೇಬ್ರ?”

“ಹೌದ್ರಿ, ಬೆನ್ನಾಗ ಎರಡು ಮೂರು ಕಡಿ ಅದ, ಭುಜದಾಗೂ ಅದ. ಈ ವಯಸ್ಸಿನಾಗ ಬರೂದೇರಿ.”

“ಎಷ್ಟು ದಿನ ರಿ?”

ನೋವು ಎಷ್ಟು ದಿನ ಇರುತ್ತದೆ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಸುಳ್ಳು ಭರವಸೆ ಕೊಡಬಾರದಲ್ಲ. “ಇದು ಪೂರಾ ಹೋಗೂದಲ್ಲರಿ. ಇದ್ದಷ್ಟು ದಿನ ಸಂಭಾಳಿಸಿಕೊಂಡು ಹೋಗಬೇಕು” ಎಂದೆ.

ಅವರು ತಲೆಯಾಡಿಸಿದರು. ಸೆರಗು ಸರಿಮಾಡಿಕೊಂಡು ಎದ್ದರು. “ಉಪಕಾರ ಆಯ್ತುರಿ, ನೀವೇ ಹೊರಗ ಬಂದು ಹೇಳಿದ್ರಿ” ಎಂದರು. ಎಂಥ ಗಟ್ಟಿ ಹೆಂಗಸು, ಗುಣ ಕಾಣದ ನೋವು ಎಂದರೂ ಮುಖ ಸಪ್ಪಗೆ ಮಾಡಲಿಲ್ಲ ಎಂದು ನಾನು ಮೆಚ್ಚಿಕೊಂಡೆ. ಮಧ್ಯಾಹ್ನ ವರದಿ ಟೈಪಾಯಿತು. ಪದ್ಧತಿಯಂತೆ ಫಿಲ್ಮ್ ಮತ್ತು ವರದಿಯ ದೊಡ್ಡ ಲಕೋಟೆಯನ್ನು ರೋಗಿಯ ಕೈಗೇ ಕೊಟ್ಟರು, ಸರ್ಜನ್‌ಗೆ ತೋರಿಸಲು. ನಾನು ಆ ಸರ್ಜನ್‌ಗೆ ಫೋನ್ ಮಾಡಲಿಲ್ಲ. ಕೆಟ್ಟ ಸುದ್ದಿಯಾಗಿದ್ದರೆ ಮಾಡುತ್ತಿದ್ದೆ. ಒಳ್ಳೆಯ ಸುದ್ದಿ ತಾನೇ ನಡೆದುಕೊಂಡು ಹೋಗುತ್ತದೆ ಎಂಬ ಭ್ರಮೆ ನಮಗೆಲ್ಲ ಇದೆ.

ಎಂಟು ತಿಂಗಳ ಮೇಲೆ ಭಾಲ್ಕಿಯ ಸರ್ಜನ್ ನನಗೆ ಫೋನ್ ಮಾಡಿದರು. ಎಸ್ತೇರಮ್ಮನವರ ಸ್ಕ್ಯಾನಿನಲ್ಲಿ ಏನು ಬಂದಿತ್ತು ಎಂದು ಕೇಳಿದರು. ಅವರು ವರದಿ ತೋರಿಸಲು ಬರಲೇ ಇಲ್ಲವಂತೆ. ಹೈದರಾಬಾದಿನಲ್ಲೇ ಚಿಕಿತ್ಸೆ ಮುಂದುವರಿಸಿರಬೇಕು ಎಂದು ಇವರು ಸುಮ್ಮನಿದ್ದರಂತೆ. ಈಗ ಔಷಧದ ಅಂಗಡಿಯವನು, ಆ ಹೆಣ್ಣುಮಗಳು ಹಾರ್ಮೋನ್ ಮಾತ್ರೆ ಒಯ್ಯದೆ ಎಷ್ಟೋ ತಿಂಗಳಾಯಿತು ಎಂದನಂತೆ. ಇವರು ಕಾಂಪೌಂಡರನನ್ನು ಮನೆಗೆ ಕಳಿಸಿದರೆ, ಸ್ಕ್ಯಾನ್ ಸಾಹೇಬರೇ ಗಂಟು ಬೆನ್ನಿಗೆ ಬಂದಾವೆ ಅಂದಾರೆ, ಇನ್ನು ಗುಳಿಗೆ ಯಾಕೆ ಎಂದು ಹೇಳಿ ಕಳಿಸಿದ್ದಾರೆ.

ನನಗೆ ಮೈ ಉರಿಯಿತು. ನಾನು ಹಾಗೆ ಹೇಳೇ ಇಲ್ಲ, ನನ್ನ ವರದಿ ಕಂಪ್ಯೂಟರಿನಲ್ಲಿದೆ, ಕ್ಯಾನ್ಸರ್ ಇಲ್ಲ ಎಂದು ಸ್ಪಷ್ಟ ಬರೆದಿದ್ದೇನೆ ಎಂದು ಫೋನಿನಲ್ಲೇ ಜೋರು ಮಾಡಿದೆ. ಫೋನ್ ಇಟ್ಟ ಮೇಲೆ ಖಲೀಲನ ಮುಂದೆಯೂ ಅದನ್ನೇ ಒದರಿದೆ. ಗಂಟುನೋವು ಎಂದು ಹೇಳಿದರೆ ಈ ಜನ ಏನೇನೋ ಕೇಳಿಸಿಕೊಳ್ಳುತ್ತಾರಲ್ಲಯ್ಯಾ ಎಂದೆ. ಖಲೀಲ್ ಕೈಯಲ್ಲಿದ್ದ ಫಿಲ್ಮ್ ಕೆಳಗಿಟ್ಟ.

“ಸಾಬ್, ಗಂಟ ಅಂದ್ರೇನ್ರಿ ನೀವು?” ಎಂದ. “ಇಲ್ಲಿ ದವಾಖಾನ್ಯಾಗ ಗಂಟ ಅಂದ್ರ ಒಂದೇ ಮಾತ್ರಿ. ನಮ್ಮ ಅಮ್ಮೀಗಿ ಡಾಕ್ಟರ್ ಗಾಂಠ್ ಅದ ಅಂದ ದಿನ ನಮ್ಮ ಮನ್ಯಾಗ ಒಲಿ ಹಚ್ಚಿಲ್ಲ.”

ನನಗೆ ಗೊತ್ತಿಲ್ಲದ ಸಂಗತಿಯಲ್ಲ ಇದು. ಈ ಜಿಲ್ಲೆಯಲ್ಲಿ ವೈದ್ಯರು ರೋಗಿಯ ಎದುರು ಕ್ಯಾನ್ಸರ್ ಎಂಬ ಶಬ್ದ ತೆಗೆಯುತ್ತಿರಲಿಲ್ಲ. ‘ಗಂಟ ಅದರಿ, ಚಿಂತಿ ಮಾಡಬ್ಯಾಡ್ರಿ’ ಎನ್ನುತ್ತಿದ್ದರು. ರೋಗಿ ಬದುಕುವ ಭರವಸೆ ಕಡಿಮೆಯಿದ್ದಷ್ಟೂ ಅದನ್ನು ಮೆತ್ತಗೆ ಹೇಳುತ್ತಿದ್ದರು. ನಾನೇ ಎಷ್ಟು ಸಲ ಹೇಳಿಲ್ಲ! ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ನಿಂತು ಮಕ್ಕಳಿಗೆ ಒಂದು ಮಾತು, ರೋಗಿಗೆ ಒಂದು ಮಾತು ಹೇಳಿ ಅದನ್ನೇ ದಯೆ ಎಂದುಕೊಂಡಿದ್ದೆ. ಎಸ್ತೇರಮ್ಮ ಅಂಥ ವಾರ್ಡಿನಲ್ಲಿ ಮೂವತ್ತು ವರ್ಷ ನಿಂತು ಕೇಳಿದವರು. ‘ಚಿಂತಿ ಮಾಡಬ್ಯಾಡ್ರಿ, ಗಂಟಿಂದು’ ಎಂದು ಡಾಕ್ಟರು ತಾವೇ ಹೊರಗೆ ಬಂದು ನಗುತ್ತ ಹೇಳಿದರೆ ಆ ರೋಗಿಯ ಬೆಡ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂಬ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಭಾನುವಾರ. ಸೆಂಟರಿಗೆ ರಜೆ. ಕಾರು ಓಡಿಸಲು ಖಲೀಲನನ್ನೂ ಕರೆದುಕೊಂಡು ಭಾಲ್ಕಿಗೆ ಹೋದೆ. ಚರ್ಚು ಬಿಟ್ಟು ಅವರು ಆಗಷ್ಟೇ ಮನೆಗೆ ಬಂದಿದ್ದರು. ಸ್ವಲ್ಪ ಇಳಿದಿದ್ದರು, ಆದರೆ ಕಾಯಿಲೆಯವರ ಹಾಗೆ ಕಾಣಲಿಲ್ಲ. ನಮ್ಮನ್ನು ನೋಡಿ ಗಾಬರಿಯಾಗಲಿಲ್ಲ, ಕುರ್ಚಿ ಒರೆಸಿ ಕೊಟ್ಟರು. ನಾನು ವರದಿ ಎಲ್ಲಿದೆ ಎಂದು ಕೇಳಿದೆ. ಟ್ರಂಕಿನ ತಳದಿಂದ ಲಕೋಟೆ ತಂದರು. ಇಂಗ್ಲಿಷ್ ಓದಲು ಬಾರದಿದ್ದರೂ ಕೇಸ್ ಪೇಪರುಗಳಲ್ಲಿ ಕಂಡು ಕಂಡು ಕೆಲವು ಶಬ್ದಗಳ ಆಕಾರ ಅವರಿಗೆ ಪರಿಚಯವಿತ್ತು. ವರದಿಯ ಕೊನೆಯ ಸಾಲಿನ ಒಂದು ಶಬ್ದದ ಮೇಲೆ ಬೆರಳಿಟ್ಟು, ಇದು ಬರೆದ ಪೇಪರು ಇದ್ದವರು ಯಾರೂ ನಮ್ಮ ವಾರ್ಡಿನಿಂದ ಎದ್ದು ಹೋಗಲಿಲ್ಲ ಎಂದರು. ಶಬ್ದ ‘ಮೆಟಾಸ್ಟಾಸಿಸ್’, ಎಂದರೆ ಕ್ಯಾನ್ಸರ್ ಹರಡುವುದು. ನಾನು ಬರೆದಿದ್ದ ಸಾಲು, ಮೆಟಾಸ್ಟಾಸಿಸ್‌ನ ಯಾವ ಗುರುತೂ ಇಲ್ಲ ಎಂದು. ಇಲ್ಲದ್ದನ್ನು ಹೆಸರಿಟ್ಟು ಇಲ್ಲ ಎನ್ನುವುದು ನಮ್ಮ ವರದಿಗಳ ರೂಢಿ. ಬಾಯಲ್ಲಿ ಆ ಶಬ್ದವನ್ನು ನುಂಗಿ ಕಾಗದದಲ್ಲಿ ಕಾಣಿಸಿಬಿಟ್ಟಿದ್ದೆ. ಅವರಿಗೆ ಸಂಶಯ ಉಳಿಯಲು ಜಾಗವೇ ಇರಲಿಲ್ಲ.

ಆದ ತಪ್ಪನ್ನು ಬಿಡಿಸಿ ಹೇಳಿದೆ. ಗಂಟು ಎಂದರೆ ನಮ್ಮ ಕಡೆ ಸಂದು, ನಿಮಗಾಗಿದ್ದು ಸಂದಿನ ಸವೆತ, ಕ್ಯಾನ್ಸರ್ ಹರಡಿಲ್ಲ ಎಂದೆ. ಅವರು ನಂಬಲಿಲ್ಲ. ಹೇಳಲು ಬಂದಿದ್ದೀರಿ ಎಂದರೆ ಇನ್ನೂ ಕೆಟ್ಟದ್ದೇ ಇರಬೇಕು ಎಂಬ ಹಾಗೆ ನನ್ನ ಮುಖ ನೋಡಿದರು. ಖಲೀಲ್ ಕಿಟಕಿಯ ಬೆಳಕಿಗೆ ಫಿಲ್ಮ್ ಹಿಡಿದ. ಅವನ ಭಾಷೆಯಲ್ಲಿ, ಇಲ್ಲಿ ನೋಡ್ರಿ ಅಕ್ಕಾ, ಇದು ಸಂದು, ಇದು ಸಂದಿನಾಗಿನ ಮುಳ್ಳು, ಹುಳ ಹತ್ತಿದ್ದರ ಎಲುಬು ನಡುವ ತಿಂದು ಹೋಗತಿತ್ತು ಎಂದು ಒಂದೊಂದೇ ತೋರಿಸಿದ. ನನ್ನ ಮೂವತ್ತು ವರ್ಷದ ಓದಿಗಿಂತ ಅದು ಅವರಿಗೆ ನಾಟಿತು. ಎಂಟು ತಿಂಗಳಾದರೂ ತಾನು ಹಾಸಿಗೆ ಹಿಡಿದಿಲ್ಲವಲ್ಲ ಎಂಬುದೂ ಆಗ ಹೊಳೆದಿರಬೇಕು. ಕುರ್ಚಿಯಲ್ಲಿ ಕೂತರು. ಅವರು ದೇವರಿಗೆ ಸ್ತೋತ್ರ ಹೇಳುತ್ತಾರೆ, ಅಳುತ್ತಾರೆ, ನನ್ನನ್ನು ಬೈಯುತ್ತಾರೆ, ಮೂರರಲ್ಲಿ ಒಂದಾದರೂ ಆಗುತ್ತದೆ ಎಂದು ಕಾದೆ.

“ಹಂಗಾದ್ರ ನಾ ಪೋರೀನ ಯಾಕ ಬಿಟ್ಟು ಬಂದೆ?” ಎಂದರು.

ಶೀಬಾ ಎಂಬ ಮೊಮ್ಮಗಳು ಇದ್ದಳೆಂದು ನನಗೆ ಗೊತ್ತಾದದ್ದೇ ಆಗ. ಅವರು ಹೇಳಿದ್ದನ್ನು ಕೇಳುತ್ತ ನನಗೆ ಅಲ್ಲಿ ಕೂರುವುದು ಕಷ್ಟವಾಯಿತು. ನನ್ನ ಸೆಂಟರಿನಿಂದ ಮರಳಿದ ಎಸ್ತೇರಮ್ಮ, ಇನ್ನು ಮೂರು ತಿಂಗಳೋ ನಾಲ್ಕು ತಿಂಗಳೋ ಎಂದು ಲೆಕ್ಕ ಹಾಕಿದ್ದರು. ಹುಡುಗಿ ಒಮ್ಮೆ ತಾಯಿಯ ಹೆಣ ನೋಡಿದ್ದಾಳೆ, ಮತ್ತೊಮ್ಮೆ ನನ್ನದು ನೋಡಬಾರದು ಎಂದು ತೀರ್ಮಾನ ಮಾಡಿದರು. ತಂದೆಯ ಮನೆಗೆ ಕಳಿಸಬೇಕು. ಆದರೆ ಅವಳು ಅಜ್ಜಿಯ ಬೆನ್ನಿಗೆ ಅಂಟಿಕೊಂಡ ಹುಡುಗಿ, ಸುಮ್ಮನೆ ಕಳಿಸಿದರೆ ಹಗಲೂ ರಾತ್ರಿ ಕೊರಗುತ್ತಾಳೆ. ಅದಕ್ಕೆ ಮೊದಲು ಅವಳ ಮನಸ್ಸು ಮುರಿಯಲು ಶುರುಮಾಡಿದರು. ತಲೆಗೆ ಎಣ್ಣೆ ಹಚ್ಚುವುದು ಬಿಟ್ಟರು. ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ. ಹಾಲು ಚೆಲ್ಲಿದರೆ ಹೊಡೆದರು. ಹೊಡೆದ ಕೈಯನ್ನು ಆಮೇಲೆ ಬಚ್ಚಲಲ್ಲಿ ನಿಂತು ಕಚ್ಚಿಕೊಂಡೆ ಎಂದರು. ಒಂದು ತಿಂಗಳು ಹೀಗೆ ನಡೆಸಿ, ಔರಾದಿಗೆ ಕರೆದುಕೊಂಡು ಹೋಗಿ ಅಳಿಯನ ಬಾಗಿಲಲ್ಲಿ ನಿಲ್ಲಿಸಿ, ಹುಡುಗಿ ಕೇಳುವ ಹಾಗೆ ಹೇಳಿದ್ದರು: “ಇಕಿನ ಸಾಕಿ ಸಾಕಾಗ್ಯಾದ ನನಗ. ಇನ್ನ ನೀನೇ ಇಟಗೋ.” ತಮ್ಮ ಕಾಯಿಲೆಯ ವಿಷಯ ಅಳಿಯನಿಗೂ ಹೇಳಲಿಲ್ಲ. ಹೇಳಿದರೆ ಅವನ ಬಾಯಿಂದ ಹುಡುಗಿಯ ಕಿವಿಗೆ ಬೀಳುತ್ತಿತ್ತು. ಹುಡುಗಿ ಮೊದಮೊದಲು ಅಪ್ಪನ ಫೋನಿನಿಂದ ಕರೆ ಮಾಡುತ್ತಿದ್ದಳಂತೆ. ಇವರು ಎತ್ತಲಿಲ್ಲ. ಆಮೇಲೆ ಕರೆಗಳು ನಿಂತವು. ತಾವು ಅಂದುಕೊಂಡದ್ದು ಆಯಿತು ಎಂದು ಅಂದು ದೇವರಿಗೆ ಸ್ತೋತ್ರ ಹೇಳಿದ್ದರು.

ಈಗಲೇ ಔರಾದಿಗೆ ಹೋಗೋಣ ಎಂದೆ. ಅವರು ಸೀರೆ ಬದಲಿಸಲೂ ನಿಲ್ಲಲಿಲ್ಲ. ದಾರಿಯಲ್ಲಿ ಒಮ್ಮೆ ಖಲೀಲನಿಗೆ ಸ್ವಲ್ಪ ಜೋರು ಓಡಿಸು ತಮ್ಮಾ ಎಂದರು.

ಪ್ರಭಾಕರ ಮನೆಯಲ್ಲಿದ್ದ. ಒಳ್ಳೆಯವನು. ಅವನ ಹೆಂಡತಿಯೂ ಕೆಟ್ಟವಳಲ್ಲ, ನೀರು ಕೊಟ್ಟು ಚಹಾಕ್ಕಿಟ್ಟಳು. ಅವಳ ಮಡಿಲಲ್ಲಿ ಒಂದು ಗಂಡುಕೂಸು ಇತ್ತು. ಶೀಬಾ ಒಳಕೋಣೆಯ ಬಾಗಿಲಿಗೆ ಬಂದು ಅಜ್ಜಿಯನ್ನು ನೋಡಿದಳು, ಮುಂದೆ ಬರಲಿಲ್ಲ. ಎಸ್ತೇರಮ್ಮ ಎರಡೂ ಕೈ ಚಾಚಿದರು, ಕರೆದರು, ನಡಿಯವ್ವಾ ಮನಿಗಿ ಹೋಗೋಣು ಎಂದರು. ಹುಡುಗಿ ಕದಲಲಿಲ್ಲ. ಸಿಟ್ಟೂ ಮಾಡಲಿಲ್ಲ. ನೆಲ ನೋಡುತ್ತ, “ನಿನಗ ಸಾಕಾಗ್ಯಾದ ಅಂದಿಯಲ್ಲ” ಎಂದಳು. ಎಸ್ತೇರಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಆ ಹೊತ್ತಿನಲ್ಲಿ ನನಗಾದ ನಾಚಿಕೆ, ಸಂಕಟ ಇವತ್ತಿಗೂ ಆರಿಲ್ಲ.

ಹೇಳಬೇಕಾದವನು ನಾನೇ ಎಂದು ಅವಳ ಮುಂದೆ ನೆಲದ ಮೇಲೆ ಕೂತೆ. ನಾನು ಡಾಕ್ಟರ್, ನಿಮ್ಮ ಅಜ್ಜಿಯ ಬೆನ್ನಿನ ಫೋಟೊ ತೆಗೆದವನು ಎಂದೆ. ಅಜ್ಜಿಗೆ ಸಂದು ಸವೆದಿದೆ ಎನ್ನುವ ಬದಲು ತಪ್ಪು ಮಾತಾಡಿದೆ, ಅವರು ತಾನು ಸಾಯುತ್ತೇನೆ ಎಂದು ತಿಳಿದರು, ನಿನಗೆ ದುಃಖವಾಗಬಾರದು ಎಂದು ಸಿಟ್ಟಿನ ನಾಟಕ ಮಾಡಿದರು ಎಂದೆ. ಒಂಬತ್ತು ವರ್ಷದ ಹುಡುಗಿ ಪೂರ್ತಿ ಕೇಳಿದಳು.

“ಅಜ್ಜಿಗಿ ಕ್ಯಾನ್ಸರ್ ಅದ ಏನ್ರಿ?” ಎಂದಳು.

ಆ ಶಬ್ದವನ್ನು ಅಷ್ಟು ಸರಾಗವಾಗಿ ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. “ಇಲ್ಲ. ಕ್ಯಾನ್ಸರ್ ಇಲ್ಲ” ಎಂದೆ.

“ಮತ್ತ ಅದ ಅಂತ ತಿಳದಾಗ ನನಗ ಯಾಕ ಹೇಳ್ಲಿಲ್ಲ ಅಕಿ? ನಾ ಇರ್ತಿದ್ನೆಲ್ಲ.”

ಎಸ್ತೇರಮ್ಮ ಆ ಹುಡುಗಿಗೆ ಮಾಡಿದ್ದು ನಾವು ವೈದ್ಯರು ಅವರ ಕಣ್ಣೆದುರು ಮೂವತ್ತು ವರ್ಷ ಮಾಡಿದ್ದನ್ನೇ. ಪ್ರೀತಿಯಿದ್ದವರಿಗೆ ನಿಜ ಹೇಳಬಾರದು, ಬೇರೆ ಏನಾದರೂ ಹೇಳಿ ದೂರ ಇಡಬೇಕು ಎಂಬುದನ್ನು ಅವರು ನಮ್ಮ ವಾರ್ಡುಗಳಲ್ಲೇ ಕಲಿತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಶೀಬಾ ಒಳಗೆ ಹೋಗಿ ಶಾಲೆಯ ನೋಟ್‌ಬುಕ್ ತಂದಳು. ಬರೆದುಕೊಡಿ ಎಂದಳು. ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲಿ. ನಾನು ಜೀವನದಲ್ಲಿ ಕನ್ನಡದಲ್ಲಿ ಬರೆದ ಮೊದಲ ವರದಿ ಅದು: ‘ಎಸ್ತೇರಮ್ಮನವರ ಬೆನ್ನಿನಲ್ಲಿ ಕ್ಯಾನ್ಸರ್ ಇಲ್ಲ. ಬೆನ್ನಿನ ಸಂದುಗಳು ಸವೆದಿವೆ. ಇದರಿಂದ ಜೀವಕ್ಕೆ ಅಪಾಯವಿಲ್ಲ.’ ಸಹಿ ಹಾಕಿದೆ, ತಾರೀಖು ಹಾಕಿದೆ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು, ಎರಡು ಸಲ. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದಳು. ಆದರೆ ಆ ದಿನ ಅಜ್ಜಿಯ ಜೊತೆ ಬರಲಿಲ್ಲ. ಕಾರು ಹತ್ತುವಾಗ ಎಸ್ತೇರಮ್ಮ ಹಿಂತಿರುಗಿ ನೋಡಿದರು, ಅವಳು ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಎಸ್ತೇರಮ್ಮ ಮರುದಿನವೇ ಮಾತ್ರೆ ಶುರುಮಾಡಿದರು. ಎಂಟು ತಿಂಗಳು ಬಿಟ್ಟದ್ದರಿಂದ ಏನಾಗುತ್ತದೋ ಎಂದು ಸರ್ಜನ್‌ಗೂ ನನಗೂ ಭಯವಿತ್ತು. ಈವರೆಗೆ ಏನೂ ಆಗಿಲ್ಲ. ಬೆನ್ನುನೋವು ಇದೆ. ಶೀಬಾ ಬೇಸಿಗೆ ರಜೆಗೆ ಭಾಲ್ಕಿಗೆ ಬರುತ್ತಾಳೆ, ಹಬ್ಬಕ್ಕೆ ಬರುತ್ತಾಳೆ, ಅಜ್ಜಿಯ ಪಕ್ಕದಲ್ಲೇ ಮಲಗುತ್ತಾಳೆ. ರಜೆ ಮುಗಿದ ದಿನ ಹೇಳಿಸಿಕೊಳ್ಳದೆ ತಾನೇ ಬಟ್ಟೆ ಮಡಚಿ ಔರಾದಿಗೆ ಹೊರಡುತ್ತಾಳೆ. ಇರು ಎಂದು ಕೇಳುವ ಹಕ್ಕು ನನಗಿಲ್ಲರಿ ಎಂದು ಎಸ್ತೇರಮ್ಮ ನನ್ನ ಮುಂದೆ ಒಮ್ಮೆ ಅತ್ತರು.

ಸ್ಕ್ಯಾನಿನಲ್ಲಿ ಆರ್ಥ್ರೈಟಿಸ್ ಮತ್ತು ಕ್ಯಾನ್ಸರ್ ಬೇರೆಮಾಡುವುದನ್ನು ನಾನು ಎಷ್ಟೋ ಹೊಸ ವೈದ್ಯರಿಗೆ ಕಲಿಸಿದ್ದೇನೆ. ಕಪ್ಪು ಎಲ್ಲಿದೆ ನೋಡಿ, ಕೊಬ್ಬು ಉಳಿದಿದೆಯೇ ನೋಡಿ, ಅನುಮಾನವಿದ್ದರೆ ಸಿಟಿ ಮಾಡಿ ಎನ್ನುತ್ತಿದ್ದೆ. ಈಗ ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಚಿತ್ರದಲ್ಲಿ ಬೇರೆಮಾಡಿದ್ದು ಬಾಯಲ್ಲೂ ಬೇರೆಯಾಗಬೇಕು. ಇದ್ದರೆ ಕ್ಯಾನ್ಸರ್ ಇದೆ ಎನ್ನಿ, ಇಲ್ಲದಿದ್ದರೆ ಕ್ಯಾನ್ಸರ್ ಇಲ್ಲ ಎನ್ನಿ. ಹೇಳಿದ ಮೇಲೆ, ನಾನು ಏನು ಹೇಳಿದೆ ಎಂದು ರೋಗಿಯ ಬಾಯಿಂದ ಒಮ್ಮೆ ತಿರುಗಿ ಹೇಳಿಸಿ. ಅರ್ಧ ನಿಮಿಷದ ಕೆಲಸ. ನಾನು ಆ ದಿನ ಅದನ್ನು ಮಾಡಿದ್ದರೆ ಒಂದು ಮಗು ತಾನು ಅಜ್ಜಿಗೆ ಬೇಡವಾದೆ ಎಂದುಕೊಂಡು ಎಂಟು ತಿಂಗಳು ಬದುಕಬೇಕಾಗಿರಲಿಲ್ಲ.

ಕಳೆದ ಸಲ ವಾರ್ಷಿಕ ತಪಾಸಣೆಗೆ ಅಜ್ಜಿಯನ್ನು ಕರೆದುಕೊಂಡು ಬಂದವಳು ಶೀಬಾಳೇ. ಈಗ ಅಜ್ಜಿಯ ಭುಜದವರೆಗೆ ಬೆಳೆದಿದ್ದಾಳೆ. ನಾನು ಹೊರಗೆ ಬಂದು, ಎಲ್ಲ ಸರಿ ಇದೆ, ಕ್ಯಾನ್ಸರ್ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಎಸ್ತೇರಮ್ಮ ನಕ್ಕರು. ಶೀಬಾ ನಗಲಿಲ್ಲ. ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ನನ್ನನ್ನು ಒಂದು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದಳು: “ಈಗ ನನಗ ಖರೇ ಹೇಳ್ರಿ.”